ಕಮಲತೆಯ ಅಗಲಿಕೆ: ಹರಿಹರ ಮತ್ತು ಚಾಮರಸ

ಅಲ್ಲಮಪ್ರಭುವೆಂದೊಡನೆ ಭಕ್ತರ ಕಣ್ಮುಂದೆ ನಿಲ್ಲುವುದು ಮಾಯೆಯನ್ನು ಗೆದ್ದ ನಿರ್ಮೋಹಿಯ ಮೂರ್ತಿ. ಅಂದೋಲಾ, ಜೇವರ್ಗಿ ಸೀಮೆಯಲ್ಲಿ ಪುರಾಣ ಕೇಳಿ ಬೆಳೆದವರಿಗೂ ಅದೇ ಪರಿಚಿತ. ಅದು 15ನೆಯ ಶತಮಾನದ ಚಾಮರಸನ ಕೊಡುಗೆ. ಅವನಿಗಿಂತ ಬಹು ಹಿಂದಿನವನಾದ ಹರಿಹರನು 'ಪ್ರಭುದೇವರ ರಗಳೆ'ಯಲ್ಲಿ ಕಾಣಿಸುವ ಅಲ್ಲಮನೇ ಬೇರೆ.

ಈ ಅಲ್ಲಮ ಮದ್ದಳೆಯ ನಾದದಿಂದ ಕೇಳುಗರನ್ನು ಮರುಳುಗೊಳಿಸಬಲ್ಲ ಕಲಾವಿದ. ಕಮಲತೆಯೊಡನೆ ಬೇರೆಲ್ಲವನ್ನೂ ಮರೆತು ಬಾಳಿದವನು. ಜ್ವರವೊಂದು ಅವಳನ್ನು ಕೊಂಡೊಯ್ಯುತ್ತದೆ. ಅವನ ನಾದಕ್ಕೆ ಅವಳನ್ನು ಮರಳಿ ತರುವ ಶಕ್ತಿಯಿಲ್ಲ. ಅವಳನ್ನೇ ಕರೆಯುತ್ತ ಹುಚ್ಚನಂತೆ ಅಲೆಯುತ್ತಾನೆ. ಪ್ರಭುವಿನ ಘನತೆಗೆ ಇದು ಕುಂದೆಂದು ಭಾವಿಸುವವರುಂಟು. ಆ ಸಂಕೋಚ ಅನಾವಶ್ಯಕ. ಏಕೆಂದರೆ ಹರಿಹರನಲ್ಲಿ ಸಾಕ್ಷಾತ್ಕಾರದ ದಾರಿ ತೆರೆಯುವುದು ಈ ಶೋಕದಿಂದಲೇ. ತೋಟವೊಂದರಲ್ಲಿ ಕುಳಿತು, ಪರವೆಯಿಲ್ಲದೆ ಕಾಲ ಉಗುರಿನಿಂದ ನೆಲ ಕೆರೆಯುತ್ತಿರುವಾಗ ಹೊನ್ನ ಕಳಶದ ತುದಿ ಕಾಣುತ್ತದೆ. ಅಗೆಸಿದರೆ ಹೂತುಹೋದ ದೇಗುಲ. ಕದವನ್ನು ಒದೆದು ಒಳಹೊಕ್ಕವನಿಗೆ ಎದುರಾಗುವವನು ಲಿಂಗದಲ್ಲಿ ದೃಷ್ಟಿ ನೆಟ್ಟ ಅನಿಮಿಷಯ್ಯ. ಆ ಯೋಗಿಯಿಂದ ಸಾಂತ್ವನದ ಮಾತಿಲ್ಲ. ಲಿಂಗವು ಅಲ್ಲಮನ ಕೈಸೇರುತ್ತಲೇ ಯೋಗಿಯ ಪ್ರಾಣ ಹೋಗುತ್ತದೆ. ಒಂದು ಸಾವನ್ನು ತಾಳಲಾರದವನ ಎದುರಿಗೆ ಇನ್ನೊಂದು ಸಾವು! ಕಮಲತೆಯನ್ನು ಹುಡುಕುತ್ತಿದ್ದ ಮನಸ್ಸಿನ ಏಕಾಗ್ರತೆ ಅಳಿಯುವುದಿಲ್ಲ. ಅದರ ನೆಲೆ ಬದಲಾಗುತ್ತದೆ. 'ಗುಹೇಶ್ವರ' ಎಂಬ ಅಂಕಿತವನ್ನು ಓದುವಾಗ ಈ ನೆಲದಡಿಯ ಗುಡಿಯನ್ನು ನೆನೆಯದಿರುವುದು ಕಷ್ಟ.

'ಪ್ರಭುಲಿಂಗಲೀಲೆ'ಯಲ್ಲಿ ಕಮಲತೆಯಿಲ್ಲ. ಬನವಸೆಯ ಮಾಯಾದೇವಿ ಮದ್ದಳೆಯ ಅಲ್ಲಮನಿಗೆ ಮನಸೋಲುತ್ತಾಳೆ, ಅವನು ಕೈಗೆ ಸಿಗದೆ ಮರೆಯಾಗುತ್ತಾನೆ. ಇಲ್ಲಿ ಗಮನಿಸಬೇಕಾದುದು ಇದು: ಚಾಮರಸನು ವಿರಹವನ್ನು ತೆಗೆದುಹಾಕಿಲ್ಲ, ಗಂಡಿನಿಂದ ಹೆಣ್ಣಿಗೆ ವರ್ಗಾಯಿಸಿದ್ದಾನೆ. ಹುಡುಕಿ ಬಳಲುವ ಪಾಡು ಈಗ ಮಾಯೆಯದು. ತತ್ತ್ವದ ದೃಷ್ಟಿಯಿಂದ ಈ ಮಾರ್ಪಾಡು ಸುಸಂಗತ. ಗೋರಕ್ಷನ ಕತ್ತಿ ಬಯಲನ್ನು ಹಾಯ್ದಂತೆ ಪ್ರಭುವಿನ ದೇಹವನ್ನು ಹಾಯುವ ಪ್ರಸಂಗಕ್ಕೆ ಇಂಥ ಅಲ್ಲಮನೇ ಬೇಕು. ಆದರೆ ಕಾವ್ಯದ ದೃಷ್ಟಿಯಿಂದ ನಷ್ಟ ಸಣ್ಣದಲ್ಲ. ಮೊದಲಿನಿಂದಲೂ ಬಯಲಾಗಿದ್ದವನು ಬಯಲಾಗುವ ಬಗೆಯನ್ನು ನಮಗೆ ತೋರಲಾರ.

ಮಡದಿಯನ್ನೋ ಮಗನನ್ನೋ ಮಣ್ಣು ಮಾಡಿ ಬಂದ ಭಕ್ತನೊಬ್ಬ ಈ ಎರಡು ಕೃತಿಗಳಲ್ಲಿ ಯಾವುದನ್ನು ಮೊದಲು ಓದಬೇಕೆಂದು ಕೇಳಿದರೆ, ನಾನು ಹರಿಹರನ ರಗಳೆಯನ್ನೇ ಅವನ ಕೈಗಿಡುವೆನು.