ಮಅಬರ್: ಕಡವಿಗೆ ಇಟ್ಟ ಹೆಸರು

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ‘ಮಾಬಾರ್’ ಅನ್ನೋ ಹೆಸರು ಬರುವುದು ಹೆಚ್ಚಾಗಿ ದಂಡಯಾತ್ರೆಯ ಜೊತೆಗೇ. 1311ರಲ್ಲಿ ಮಲಿಕ್ ಕಾಫೂರ್ ದೋರಸಮುದ್ರದಿಂದ ಮಾಬಾರ್‌ಗೆ ಹೋದ, ಆಮೇಲೆ ಮಧುರೆಯಲ್ಲಿ ಸುಲ್ತಾನರು ಆಳಿದರು. ಇಷ್ಟೇ ಓದಿದವರಿಗೆ ಅದು ಗೆದ್ದವರು ಇಟ್ಟ ಹೆಸರು ಅನ್ನಿಸುತ್ತದೆ. ಕೆಲವರು ಮಲಬಾರ್ ಅಂತಲೂ ಓದಿಕೊಳ್ಳುತ್ತಾರೆ. ಎರಡೂ ತಪ್ಪು. ಮಲಬಾರ್ ಇರುವುದು ಪಶ್ಚಿಮ ಕರಾವಳಿಯಲ್ಲಿ, ಮಾಬಾರ್ ಅಂದರೆ ಪೂರ್ವದ ತಮಿಳು ಕರಾವಳಿ.

ಅರಬಿಯಲ್ಲಿ ‘ಅಬರ’ ಅಂದರೆ ದಾಟಿದ. ‘ಮಅಬರ್’ ದಾಟುವ ಜಾಗ, ನಮ್ಮ ಕರಾವಳಿಯವರ ಮಾತಲ್ಲಿ ಕಡವು. ಇದು ಹಡಗಿನವರ ಮಾತು. ಮಧುರೆಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1335ರ ಸುಮಾರಿಗೆ. ಅದಕ್ಕೂ ಮೊದಲೇ, 13ನೇ ಶತಮಾನದ ಕೊನೆಗೆ, ಪಾಂಡ್ಯರು ಆಳುತ್ತಿದ್ದಾಗಲೇ ಮಾರ್ಕೊ ಪೋಲೊ ಈ ಹೆಸರು ಬಳಸಿದ್ದಾನೆ. ಸಂತ ಥಾಮಸರ ಸಮಾಧಿ ಮಾಬಾರ್‌ನಲ್ಲಿದೆ, ಅಲ್ಲಿಗೆ ಕ್ರೈಸ್ತರೂ ಮುಸಲ್ಮಾನರೂ ಯಾತ್ರೆ ಬರುತ್ತಾರೆ ಅಂತ ಹೇಳುತ್ತಾನೆ. ಆ ಜಾಗವನ್ನು ಇವತ್ತಿನ ಚೆನ್ನೈನ ಮೈಲಾಪುರ ಅಂತ ಗುರುತಿಸುತ್ತಾರೆ.

ಹಾಗಂತ ಸುಲ್ತಾನರ ಕ್ರೌರ್ಯವನ್ನು ಮುಚ್ಚಿಡಬೇಕಾಗಿಲ್ಲ. ಹೊಯ್ಸಳರ ಮೂರನೇ ಬಲ್ಲಾಳನನ್ನು ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಕೋಟೆಗೋಡೆಗೆ ತೂಗುಹಾಕಿದ್ದನ್ನು ಬರೆದಿಟ್ಟವನು ಇಬ್ನ್ ಬತೂತ. ಅವನು ಸುಲ್ತಾನ ಗಿಯಾಸುದ್ದೀನನ ಷಡ್ಡಕ. ಆದರೂ ಹೆಂಗಸರು, ಮಕ್ಕಳನ್ನು ಕೊಲ್ಲಿಸಿದ್ದನ್ನು ಖಂಡಿಸಿಯೇ ಬರೆದ. ಅವನು ಹೇಳಿದ್ದನ್ನು ಹೇಳಲು ನಾವು ಯಾಕೆ ಹಿಂಜರಿಯಬೇಕು?

ಅದೇ ಧಾತುವಿನಿಂದ ಬಂದ ಇನ್ನೊಂದು ಮಾತು ನಮ್ಮ ಮನೆಗಳಲ್ಲೂ ಇದೆ: ‘ಇಬ್ರತ್’, ಅಂದರೆ ಪಾಠ. ಗಿಯಾಸುದ್ದೀನನ ಕಥೆಯನ್ನು ಇಬ್ರತ್ ಅಂತ ಓದೋಣ. ಮಅಬರ್ ಅನ್ನೋ ಹೆಸರನ್ನು ಮಾತ್ರ ಅವನ ಲೆಕ್ಕಕ್ಕೆ ಬರೆಯುವುದು ಬೇಡ.