ದೊಡ್ಡ ಹೆಸರು, ಸಣ್ಣ ಬೈಕು: ಅಳತೆಗೋಲು ಯಾವುದು?

ಕಳೆದ ಬೇಸಿಗೆಯಲ್ಲಿ ನಮ್ಮೂರು ಸೊರಟೂರಿಗೆ ಹೋಗಿದ್ದೆ. ಸೋದರಳಿಯ ಹೊಸ ಬೈಕು ತಂದು ಮನೆಯ ಮುಂದೆ ನಿಲ್ಲಿಸಿದ್ದ. ಟ್ಯಾಂಕಿನ ಮೇಲೆ ಪರದೇಶದ ಪ್ರಸಿದ್ಧ ಹೆಸರು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು "ಹೆಸರು ದೊಡ್ಡದೈತಿ, ಗಾಡಿ ಸಣ್ಣದೈತಲ್ಲೋ ತಮ್ಮಾ" ಎಂದು ನಕ್ಕರು. ಅಳಿಯನಿಗೆ ಬೇಸರವಾಯಿತು. "ಮಾಮಾ, ನೀವ ಹೇಳ್ರಿ. ಇದು ಖರೇನ ದೊಡ್ಡ ಗಾಡಿ ಹೌದೋ ಅಲ್ಲೋ?" ಎಂದು ಕೇಳಿದ. ಭೌತವಿಜ್ಞಾನ ಕಲಿಸುವವನಾದ ನನಗೆ ಮೊದಲು ಹೊಳೆದದ್ದು ಮರುಪ್ರಶ್ನೆ: ದೊಡ್ಡದು ಎಂದರೆ ಯಾವ ಅಳತೆಯಲ್ಲಿ?

ಭಾರಿ ಬೈಕುಗಳಿಗೆ ಹೆಸರಾದ ಕಂಪನಿಗಳು ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಕಂಪನಿಗಳ ಜೊತೆಗೂಡಿ ಸಣ್ಣ ಬೈಕುಗಳನ್ನು ತಂದಿವೆ. ಬಿಎಂಡಬ್ಲ್ಯು ಮತ್ತು ಟಿವಿಎಸ್ 2013ರಲ್ಲಿ ಒಪ್ಪಂದ ಮಾಡಿಕೊಂಡವು. ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ತಯಾರಾದ ಜಿ 310 ಆರ್ 2018ರಲ್ಲಿ ಇಲ್ಲಿ ಮಾರಾಟಕ್ಕೆ ಬಂದು, 2025ರಲ್ಲಿ ಭಾರತದ ಮಾರುಕಟ್ಟೆಯಿಂದ ಹಿಂದೆ ಸರಿಯಿತು. 2023ರ ಜುಲೈ ಮೊದಲ ವಾರದಲ್ಲಿ ಹಾರ್ಲೆ ಡೇವಿಡ್‌ಸನ್-ಹೀರೋ ಜೋಡಿಯ ಎಕ್ಸ್ 440 ಮತ್ತು ಟ್ರಯಂಫ್-ಬಜಾಜ್ ಜೋಡಿಯ ಸ್ಪೀಡ್ 400 ಒಂದರ ಹಿಂದೊಂದು ಬಿಡುಗಡೆಯಾದವು. ಎರಡರ ಆರಂಭದ ಬೆಲೆಯೂ ಎರಡೂಕಾಲು ಲಕ್ಷ ರೂಪಾಯಿಯ ಆಸುಪಾಸು. ಇವನ್ನು ಹೊಗಳುವವರು ಹೆಸರನ್ನು ನೋಡುತ್ತಾರೆ, ಹಳಿಯುವವರು ಸಿಸಿಯನ್ನು ನೋಡುತ್ತಾರೆ. ಎರಡೂ ಸರಿಯಾದ ಅಳತೆಗೋಲುಗಳಲ್ಲ ಎಂಬುದೇ ನನ್ನ ತಕರಾರು.

ಎಷ್ಟು ಶಕ್ತಿ ಬೇಕು?

ಸವಾರನೂ ಸೇರಿ 240 ಕಿಲೋಗ್ರಾಂ ತೂಗುವ ಬೈಕನ್ನು ತೆಗೆದುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಏಕರೀತಿಯ ವೇಗದಲ್ಲಿ ಸಾಗುವಾಗ ಎಂಜಿನ್ ಎದುರಿಸಬೇಕಾದವು ಎರಡು: ಚಕ್ರಗಳ ಉರುಳು ಘರ್ಷಣೆ ಮತ್ತು ಗಾಳಿಯ ತಡೆ. ಉರುಳು ಘರ್ಷಣೆಯ ಗುಣಾಂಕ 0.02 ಎಂದೂ, ಗಾಳಿತಡೆಯ ಗುಣಾಂಕ ಮತ್ತು ಮುಂಭಾಗದ ವಿಸ್ತೀರ್ಣ ಇವುಗಳ ಗುಣಲಬ್ಧ 0.6 ಚದರ ಮೀಟರ್ ಎಂದೂ ಇಟ್ಟುಕೊಳ್ಳೋಣ. ಲೆಕ್ಕ ಮಾಡಿದರೆ ಗಂಟೆಗೆ 60 ಕಿ.ಮೀ. ವೇಗಕ್ಕೆ ಚಕ್ರದಲ್ಲಿ ಬೇಕಾಗುವ ಶಕ್ತಿ ಸುಮಾರು 2.4 ಕಿಲೋವ್ಯಾಟ್. 100 ಕಿ.ಮೀ.ಗೆ ಸುಮಾರು 8.7, 120 ಕಿ.ಮೀ.ಗೆ ಸುಮಾರು 14 ಕಿಲೋವ್ಯಾಟ್. ಗಾಳಿಯ ವಿರುದ್ಧ ವ್ಯಯವಾಗುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುವುದರಿಂದ ಈ ಜಿಗಿತ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಅಲ್ಲಿಂದ ಬಂದ 250 ಸಿಸಿ ಜಾವಾದ ಶಕ್ತಿ 12 ಅಶ್ವಶಕ್ತಿ, ಅಂದರೆ ಸುಮಾರು 9 ಕಿಲೋವ್ಯಾಟ್. ಇಬ್ಬರು ಸವಾರರು, ನಡುವೆ ಒಂದು ಜೋಳದ ಚೀಲ ಇಟ್ಟುಕೊಂಡು ಅದು ನಮ್ಮ ಎರೆಮಣ್ಣಿನ ದಾರಿಗಳಲ್ಲಿ ಓಡಾಡಿದ್ದನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಮೇಲಿನ ಲೆಕ್ಕ ನೋಡಿದರೆ ಅದರಲ್ಲಿ ಅಚ್ಚರಿಯೇನಿಲ್ಲ. ಸ್ಪೀಡ್ 400 ಬೈಕಿನ 29.4 ಕಿಲೋವ್ಯಾಟ್ ನಮ್ಮ ರಸ್ತೆಗೆ ಸಾಕಾಗಿ ಮಿಗುತ್ತದೆ. ಆದ್ದರಿಂದ ಇವನ್ನು "ಸಣ್ಣದು" ಎಂದು ಮೂಗು ಮುರಿಯಲು ಕಾರಣವಿಲ್ಲ.

ಹೆಸರಿಗೆ ಬಗ್ಗದ ಮಿತಿ

ಈಗ ಎಂಜಿನ್ನಿನ ಒಳಗೆ ನೋಡೋಣ. ಒಂದು ಸುತ್ತಿಗೆ ಪಿಸ್ಟನ್ ಎರಡು ಸ್ಟ್ರೋಕಿನಷ್ಟು ದೂರ ಚಲಿಸುತ್ತದೆ. ಎಕ್ಸ್ 440ರ ಸ್ಟ್ರೋಕ್ 88.4 ಮಿ.ಮೀ., ಗರಿಷ್ಠ ಶಕ್ತಿ ನಿಮಿಷಕ್ಕೆ 6000 ಸುತ್ತಿನಲ್ಲಿ. ಸ್ಪೀಡ್ 400ರ ಸ್ಟ್ರೋಕ್ 64 ಮಿ.ಮೀ., ಗರಿಷ್ಠ ಶಕ್ತಿ 8000 ಸುತ್ತಿನಲ್ಲಿ. 2018ರ ಜಿ 310 ಆರ್‌ಗೆ ಈ ಸಂಖ್ಯೆಗಳು 62.1 ಮಿ.ಮೀ. ಮತ್ತು 9500. ಪಿಸ್ಟನ್ನಿನ ಸರಾಸರಿ ವೇಗ ಲೆಕ್ಕ ಹಾಕಿದರೆ ಕ್ರಮವಾಗಿ ಸೆಕೆಂಡಿಗೆ 17.7, 17.1 ಮತ್ತು 19.7 ಮೀಟರ್ ಬರುತ್ತದೆ. ಮೂರು ದೇಶದ ಮೂರು ಹೆಸರುಗಳು, ಆದರೂ ಉತ್ತರಗಳು ಹತ್ತಿರ ಹತ್ತಿರ! ಲೋಹದ ಬಲ, ಎಣ್ಣೆಯ ಪದರ, ಜಡತ್ವ ಇವು ಹಾಕಿದ ಮಿತಿಯನ್ನು ಯಾವ ಬ್ರಾಂಡೂ ಸುಲಭವಾಗಿ ದಾಟಲಾರದು.

ಆ ಮಿತಿಯೊಳಗೆ ತಯಾರಕರಿಗಿರುವುದು ಆಯ್ಕೆ ಮಾತ್ರ. ಎಕ್ಸ್ 440ರ ಗರಿಷ್ಠ ತಿರುಗುಬಲ (ಟಾರ್ಕ್) 38 ನ್ಯೂಟನ್ ಮೀಟರ್, ಸ್ಪೀಡ್ 400ರದು 37.5. ಬಹುತೇಕ ಒಂದೇ. ಆದರೆ ಮೊದಲನೆಯದು ಅದನ್ನು 4000 ಸುತ್ತಿನಲ್ಲೇ ಕೊಡುತ್ತದೆ, ಎರಡನೆಯದು 6500 ಸುತ್ತಿನಲ್ಲಿ. ಶಕ್ತಿಯೆಂದರೆ ತಿರುಗುಬಲ ಮತ್ತು ಕೋನೀಯ ವೇಗಗಳ ಗುಣಲಬ್ಧ. ಹಾಗಾಗಿ ಎರಡನೆಯದರ ಗರಿಷ್ಠ ಶಕ್ತಿ ಹೆಚ್ಚು. ಮೊದಲನೆಯದು ನಿಧಾನವಾಗಿ ಸಾಗುವಾಗ ಗೇರು ಬದಲಿಸುವ ಗೋಜನ್ನು ಕಡಿಮೆ ಮಾಡುತ್ತದೆ. ಎತ್ತಿನ ಬಂಡಿಯ ಹಿಂದೆ ಸಾಗಬೇಕಾದವನಿಗೆ ಒಂದು, ಹೆದ್ದಾರಿ ಹಿಡಿಯುವವನಿಗೆ ಇನ್ನೊಂದು. ಜಾಹೀರಾತುಗಳಲ್ಲಿ ಎದ್ದು ಕಾಣುವುದು ಈ ವ್ಯತ್ಯಾಸವಲ್ಲ, ಲಾಂಛನ.

ಸಣ್ಣದಾಗಿಸುವುದೂ ಸಣ್ಣದಾಗಿ ರಚಿಸುವುದೂ ಒಂದೇ ಅಲ್ಲ. ಹಾರ್ಲೆ 2014ರಲ್ಲೇ ಭಾರತಕ್ಕೆ ಸ್ಟ್ರೀಟ್ 750 ತಂದಿತ್ತು. ಹರಿಯಾಣದ ಬಾವಲ್‌ನಲ್ಲಿ ತಯಾರಾದ ಅದರ ಬೆಲೆ ನಾಲ್ಕು ಲಕ್ಷ ದಾಟಿತ್ತು, ತೂಕ 220 ಕಿಲೋಗೂ ಮೇಲೆ. ಕಂಪನಿ 2020ರಲ್ಲಿ ಇಲ್ಲಿನ ತಯಾರಿಕೆಯನ್ನು ನಿಲ್ಲಿಸಿತು. ಕಾರಣಗಳು ಹಲವಿದ್ದಿರಬಹುದು. ಆದರೆ ಭೌತವಿಜ್ಞಾನದ ಒಂದು ಮಾತನ್ನು ಮರೆಯುವಂತಿಲ್ಲ: ಪೆಟ್ರೋಲಿನ ಶಕ್ತಿಯಲ್ಲಿ ಎರಡು ಪಾಲಿಗೂ ಹೆಚ್ಚು ಉಷ್ಣವಾಗಿಯೇ ಹೊರಬೀಳುತ್ತದೆ. ನಿಂತಲ್ಲೇ ಓಡುವ ಎಂಜಿನ್ನಿನಲ್ಲಂತೂ ಎಲ್ಲವೂ ಉಷ್ಣವೇ. ಗದಗಿನ ಏಪ್ರಿಲ್ ಬಿಸಿಲಲ್ಲಿ, ರೈಲ್ವೆ ಗೇಟಿನ ಮುಂದೆ ನಿಂತಾಗ ದೊಡ್ಡ ಎಂಜಿನ್ನಿನ ಈ ಹೆಚ್ಚುವರಿ ಕಾವು ತಾಗುವುದು ಸವಾರನ ಕಾಲಿಗೆ. ಏಕ ಸಿಲಿಂಡರಿನ ಎಕ್ಸ್ 440 ಈ ನೆಲಕ್ಕೆ ಒಪ್ಪುವ ವಿನ್ಯಾಸ ಎನಿಸುವುದು ಇದರಿಂದಲೇ.

ತೆರಿಗೆಯ ಗೆರೆ

ಸಿಸಿಯ ಮೋಹ ಗ್ರಾಹಕರಿಗಷ್ಟೇ ಸೀಮಿತವಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18, ಅದಕ್ಕೂ ಮೇಲಿನವಕ್ಕೆ ಶೇ. 40. ಮೊದಲು ಇದ್ದ ಅಂತರ ಮೂರು ಅಂಶ ಮಾತ್ರ: ಶೇ. 28 ಮತ್ತು ಸೆಸ್ ಸೇರಿ ಶೇ. 31. ಸಿಸಿ ಎಂಬುದು ಪಿಸ್ಟನ್ ಗುಡಿಸುವ ಘನ ಅಳತೆ. ಶಕ್ತಿಯನ್ನಾಗಲಿ, ಇಂಧನದ ಖರ್ಚನ್ನಾಗಲಿ, ಹೊಗೆಯನ್ನಾಗಲಿ ಅದು ನೇರವಾಗಿ ಹೇಳುವುದಿಲ್ಲ. 440 ಸಿಸಿಯ ಎಕ್ಸ್ 440 ಸುಮಾರು 20 ಕಿಲೋವ್ಯಾಟ್ ಕೊಟ್ಟರೆ, 313 ಸಿಸಿಯ ಜಿ 310 ಆರ್ 25 ಕೊಡುತ್ತಿತ್ತು. ಈ ಗೆರೆಯ ಪ್ರಕಾರ ಕಡಿಮೆ ಶಕ್ತಿಯದಕ್ಕೇ ಹೆಚ್ಚು ತೆರಿಗೆ! ಯುರೋಪಿನಲ್ಲಿ ಎ2 ದರ್ಜೆಯ ಚಾಲನಾ ಪರವಾನಗಿಗೆ ಇಟ್ಟಿರುವ ಮಿತಿ 35 ಕಿಲೋವ್ಯಾಟ್ ಮತ್ತು ಪ್ರತಿ ಕಿಲೋ ತೂಕಕ್ಕೆ 0.2 ಕಿಲೋವ್ಯಾಟ್. ಅದು ವಿಜ್ಞಾನಕ್ಕೆ ಹೆಚ್ಚು ಹತ್ತಿರದ ಮಾತು. ನಮ್ಮ ಗೆರೆಯಿಂದ ಎಂಜಿನಿಯರರ ಜಾಣ್ಮೆ ದಕ್ಷತೆಯ ಕಡೆಗೆ ಹರಿಯುವ ಬದಲು 349 ಸಿಸಿಯ ಕಡೆಗೆ ಹರಿಯುವ ಅಪಾಯವಿದೆ.

ಹಾಗಾದರೆ ಕೊಳ್ಳುವವರು ಏನು ಕೇಳಬೇಕು? ತೂಕ ಎಷ್ಟು, ತಿರುಗುಬಲ ಯಾವ ಸುತ್ತಿನಲ್ಲಿ, ನೆಲದಿಂದ ಎತ್ತರ ಎಷ್ಟು, ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಅಂತರ ಎಷ್ಟು? ಮಳೆಗಾಲದ ಎರೆಮಣ್ಣು ಮೆತ್ತಿ ಚಕ್ರ ಕಟ್ಟಿಕೊಂಡಾಗ ಯಾವ ಲಾಂಛನವೂ ನೆರವಾಗದು. ಕೆಟ್ಟರೆ ಹತ್ತಿರದ ಸರ್ವಿಸ್ ಕೇಂದ್ರ ಎಷ್ಟು ದೂರ? ಎಬಿಎಸ್ ಬ್ರೇಕನ್ನು ಹೆಸರಿನ ವಿಶೇಷ ಕೊಡುಗೆ ಎಂದು ಭಾವಿಸಬೇಕಿಲ್ಲ. 125 ಸಿಸಿಗೆ ಮೇಲಿನ ಬೈಕುಗಳಿಗೆ ಅದು 2019ರಿಂದಲೇ ಕಡ್ಡಾಯ.

ಅಳಿಯನಿಗೆ ಈ ಲೆಕ್ಕಗಳನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅಂದ್ರ ಮಾಮಾ, ಗಾಡಿ ಚಲೋ ಐತಿ, ರೊಕ್ಕ ಮಾತ್ರ ಹೆಸರಿಗೂ ಒಂದಿಷ್ಟು ಕೊಟ್ಟೀನಿ" ಎಂದ. ಲೆಕ್ಕವನ್ನು ಸರಿಯಾಗಿಯೇ ಓದಿದ್ದ.