ಕಮಲನಗರದ ಮುಂದೆ ರೊಕ್ಕ

ಬಸ್ ಪ್ರಯಾಣದ ರುಚಿ ಹತ್ತಿದವರು ಒಮ್ಮೆಯಾದರೂ ಬೀದರ್ ಸುತ್ತ ತಿರುಗಬೇಕು. ಘಾಟಿ, ಜಲಪಾತ ಏನೂ ಇಲ್ಲ. ಕರಿಮಣ್ಣು, ತೊಗರಿ ಹೊಲ, ಮತ್ತೆ ಗಡಿ. ಭಾಲ್ಕಿ, ಕಮಲನಗರ ದಾಟಿದರೆ ಮಹಾರಾಷ್ಟ್ರದ ಉದಗೀರ. ಔರಾದ್ ಕಡೆಯಿಂದ ದೇಗಲೂರು. ಇತ್ತ ಜಹೀರಾಬಾದ್ ಹಾದಿ ಹಿಡಿದರೆ ತೆಲಂಗಾಣ.

ಉದಗೀರ, ನಿಲಂಗಾ, ಜಹೀರಾಬಾದ್, ನಾರಾಯಣಖೇಡ ಎಲ್ಲವೂ ಹಿಂದೆ ಬೀದರ್ ಜಿಲ್ಲೆಯವೇ ಆಗಿದ್ದವು. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೂರು ಪಾಲಾಯಿತು. ನಿಜಾಮರ ಸರ್ಕಾರ 1932ರಲ್ಲಿ 27 ಬಸ್ಸುಗಳಿಂದ ಸಾರಿಗೆ ಶುರು ಮಾಡಿದ ಸೀಮೆಯಲ್ಲಿ ಈಗ ಮೂರು ನಿಗಮಗಳ ಬಸ್ಸು. ಬೀಗತನ, ಸಂತೆ, ದವಾಖಾನೆ ಮಾತ್ರ ಪಾಲಾಗಲಿಲ್ಲ. ಹಾಗಾಗಿ ಜನ ಓಡಾಡುತ್ತಲೇ ಇದ್ದಾರೆ.

ಗಡಿ ಎಲ್ಲಿದೆಯೆಂದು ನಿಜವಾಗಿ ಗೊತ್ತಿರುವುದು ಹೆಂಗಸರಿಗೆ. ಭಾಲ್ಕಿಯಲ್ಲಿ ಆಧಾರ್ ತೋರಿಸಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಪಡೆಯುತ್ತಾರೆ. ಉದಗೀರಕ್ಕೆ ಅಂದರೆ ಕಂಡಕ್ಟರ್, “ಕಮಲನಗರ ತನಕ ಫ್ರೀ ಅದ ಅಕ್ಕಾ, ಮುಂದ ರೊಕ್ಕಾ ಬೀಳ್ತದ” ಅನ್ನುತ್ತಾನೆ. ಜಾಣೆಯರು ಕಮಲನಗರದಲ್ಲಿ ಇಳಿದು ಮಹಾರಾಷ್ಟ್ರದ ಕೆಂಪು ಎಸ್‌ಟಿ ಹಿಡಿಯುತ್ತಾರೆ. ಆ ರಾಜ್ಯದೊಳಗೆ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೆಟ್. ತೆಲಂಗಾಣದಲ್ಲೂ ಪುಕ್ಕಟೆ ಉಂಟು, ಆದರೆ ಅಲ್ಲಿಯ ವಿಳಾಸದ ಗುರುತಿನ ಚೀಟಿ ಬೇಕು. ಅರ್ಧ ದಿನದ ತಿರುಗಾಟಕ್ಕೆ ಮೂರು ಸರ್ಕಾರದ ಕಾನೂನು! ಈ ಲೆಕ್ಕ ಬಾಯಿಪಾಠ ಇರುವ ಮುದುಕಿಯರ ಪಕ್ಕ ಸೀಟು ಸಿಕ್ಕರೆ ಯಾವ ಮ್ಯಾಪೂ ಬೇಡ.

ಔರಾದ್ ದಾರಿ ಇನ್ನೂ ಕಠಿಣ, ನನಗೆ ಇನ್ನೂ ಇಷ್ಟ. ಬೀದರಿನಿಂದ ಜನವಾಡ, ಮಾಂಜ್ರಾ ಸೇತುವೆ, ಸಂತಪುರ. ಅಲ್ಲಿಯ ತನಕ ತಾಪತ್ರಯವಿಲ್ಲ. ಔರಾದಿನ ಆಚೆ ಬಸ್ ತಪ್ಪಿತೋ, ಕ್ರೂಸರ್ ಅಥವಾ ಟಂಟಂ. ಅದಕ್ಕೆ ವೇಳಾಪಟ್ಟಿಯಿಲ್ಲ, ಸೀಟು ತುಂಬಿದಾಗ ಹೊರಡುತ್ತದೆ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲೂ ಇದೇ ಪದ್ಧತಿ: ಏಳು ಜನರ ಹಳೆಯ ಪೂಜೊ ಕಾರು, ಏಳನೆಯವನು ಬರುವ ತನಕ ಕಾಯಬೇಕು. ರಾಜಧಾನಿ ಡಕಾರ್‌ನಿಂದ ಅದೇ ದೇಶದ ದಕ್ಷಿಣಕ್ಕೆ ಹೋಗುವ ನೇರ ರಸ್ತೆ ನಡುವೆ ಗ್ಯಾಂಬಿಯಾ ಎಂಬ ಬೇರೆ ದೇಶವನ್ನು ಹಾಯುತ್ತದೆ. ಪಾಸ್‌ಪೋರ್ಟಿಗೆ ಮುದ್ರೆ ಎರಡೆರಡು ಸಲ. ಗ್ಯಾಂಬಿಯಾ ನದಿಗೆ ಸೇತುವೆ ಬಂದದ್ದು 2019ರಲ್ಲಿ. ಅದಕ್ಕೂ ಮೊದಲು ಲಾರಿಗಳು ಫೆರಿಗಾಗಿ ದಿನಗಟ್ಟಲೆ ಕಾದದ್ದುಂಟು.

ನಮಗೆ ಮುದ್ರೆಯ ಕಾಟವಿಲ್ಲ. ಆದರೆ ಬೆಳಗಾವಿಯಲ್ಲಿ ಒಬ್ಬ ಕಂಡಕ್ಟರ್ ಮೇಲೆ ಕೈ ಮಾಡಿದರೆ, 2025ರ ಫೆಬ್ರುವರಿಯಲ್ಲಿ ಆದಂತೆ, ಕರ್ನಾಟಕ, ಮಹಾರಾಷ್ಟ್ರಗಳ ನಡುವಿನ ಬಸ್ಸುಗಳೇ ನಿಲ್ಲುತ್ತವೆ. ಜಗಳ ಭಾಷೆಯದು, ದಾರಿ ಕಾಯುವವರು ಬಾಣಂತಿ, ರೋಗಿ, ಕೂಲಿಯವರು.

ಮೂರೂ ನಿಗಮದವರಲ್ಲಿ ಒಂದೇ ವಿನಂತಿ: ಔರಾದ್, ಭಾಲ್ಕಿ, ಉದಗೀರ, ಜಹೀರಾಬಾದ್ ನಿಲ್ದಾಣಗಳಲ್ಲಿ ಒಂದೇ ಬೋರ್ಡಿನ ಮೇಲೆ ಮೂರೂ ಕಡೆಯ ಬಸ್ ವೇಳೆ ಬರೆಸಿ, ಕಡೆಯ ಬಸ್ಸಿನದು ದಪ್ಪ ಅಕ್ಷರದಲ್ಲಿ.